ವೀರ್ಯದಾನ ಮಾಡಬೇಕೆಂದಿದ್ದೀರಾ? ಯಾವ ದಾರಿಯಲ್ಲಿ ಹೋದರೆ ಏನಾಗುತ್ತದೆ

ವೀರ್ಯದಾನದ ಬಗ್ಗೆ ವಿಚಾರಿಸುವ ಹುಡುಗರು ಮೊದಲು ಕೇಳುವುದು ಎರಡೇ ಪ್ರಶ್ನೆ. ಎಷ್ಟು ದುಡ್ಡು ಕೊಡ್ತಾರೆ? ಯಾರಿಗೂ ಗೊತ್ತಾಗಲ್ಲ ಅಲ್ವಾ? ಬೆಂಗಳೂರಿನ ಒಂದು ಲ್ಯಾಬಿನಲ್ಲಿ ವೀರ್ಯದ ಸ್ಯಾಂಪಲ್ ಪರೀಕ್ಷೆ ಮಾಡುವುದು ನನ್ನ ಕೆಲಸ, ಹಾಗಾಗಿ ಇವೆರಡನ್ನೂ ದಿನಾ ಕೇಳಿಸಿಕೊಳ್ಳುತ್ತೇನೆ. ತಪ್ಪು ಪ್ರಶ್ನೆಗಳೇನಲ್ಲ. ಆದರೆ ಅದಕ್ಕೂ ಮುಂಚೆ ಕೇಳಬೇಕಾದ ಮೂರು ಪ್ರಶ್ನೆಗಳಿವೆ. ನಿಮ್ಮಿಂದ ಎಷ್ಟು ಮಕ್ಕಳು ಹುಟ್ಟಬಹುದು? ಆ ಮಕ್ಕಳು ದೊಡ್ಡವರಾದ ಮೇಲೆ ನಿಮ್ಮನ್ನು ಹುಡುಕಿಕೊಂಡು ಬರಬಹುದಾ? ಕಾನೂನಿನ ಲೆಕ್ಕದಲ್ಲಿ ಆ ಮಗುವಿನ ಅಪ್ಪ ಯಾರು? ನೀವು ಯಾವ ದಾರಿಯಲ್ಲಿ ದಾನ ಮಾಡುತ್ತೀರಿ ಎನ್ನುವುದರ ಮೇಲೆ ಈ ಮೂರಕ್ಕೂ ಉತ್ತರ ಬೇರೆ ಬೇರೆ ಬರುತ್ತದೆ. ಅದಕ್ಕೇ ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ ಎಂದು ಬರೆಯುತ್ತಿದ್ದೇನೆ.

ಮೊದಲು ಒಂದು ದಾರಿಯನ್ನು ಪೂರ್ತಿ ಮುಚ್ಚಿಬಿಡೋಣ. ವಾಟ್ಸಾಪ್, ಫೇಸ್‌ಬುಕ್ಕಿನಲ್ಲಿ ಬರುವ "ಸ್ಪರ್ಮ್ ಡೋನರ್ ಬೇಕಾಗಿದ್ದಾರೆ, ಲಕ್ಷಗಟ್ಟಲೆ ಸಂಪಾದನೆ" ಅನ್ನುವ ಜಾಹೀರಾತು. 2023ರ ಡಿಸೆಂಬರ್ ಕೊನೆಯಲ್ಲಿ ಬಿಹಾರದ ನವಾದಾದಲ್ಲಿ ಪೊಲೀಸರು ಎಂಟು ಜನರನ್ನು ಹಿಡಿದರು. ಮಕ್ಕಳಾಗದ ಹೆಂಗಸರನ್ನು ಗರ್ಭಿಣಿ ಮಾಡಿದರೆ 13 ಲಕ್ಷ, ಆಗದಿದ್ದರೂ 5 ಲಕ್ಷ ಎಂದು ಆಸೆ ತೋರಿಸಿ, ನೋಂದಣಿಗೆ 799 ರೂಪಾಯಿ, ಆಮೇಲೆ ಡೆಪಾಸಿಟ್ ಅಂತ ಸಾವಿರಗಟ್ಟಲೆ ಕಿತ್ತುಕೊಳ್ಳುತ್ತಿದ್ದ ಗ್ಯಾಂಗು ಅದು. ದಾನಿಯ ಹತ್ತಿರ ದುಡ್ಡು ಕೇಳುವ ಸ್ಪರ್ಮ್ ಬ್ಯಾಂಕ್ ಎಲ್ಲೂ ಇಲ್ಲ. ಯಾರಾದರೂ ಫೀಸು ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಈಗಾಗಲೇ ಕಟ್ಟಿದ್ದರೆ ನಾಚಿಕೆಪಟ್ಟುಕೊಂಡು ಸುಮ್ನೆ ಕೂರಬೇಡಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಉಳಿದಿದ್ದು ಮೂರು ದಾರಿ. ಇಲ್ಲಿನ ನೋಂದಾಯಿತ ಬ್ಯಾಂಕು, ಪರಿಚಯದವರಿಗೆ ನೇರವಾಗಿ ಕೊಡುವುದು, ಹೊರದೇಶದಲ್ಲಿ ಇರುವವರಿಗೆ ಅಲ್ಲಿನ ಕ್ಲಿನಿಕ್ಕು.

ಇಲ್ಲಿನ ಬ್ಯಾಂಕಿನ ಮೂಲಕ

ನಮ್ಮ ದೇಶದಲ್ಲಿ ಇದಕ್ಕೆ ಈಗ ಸ್ಪಷ್ಟವಾದ ಕಾನೂನಿದೆ. 2021ರ ಎಆರ್‌ಟಿ ಕಾಯ್ದೆ, 2022ರ ಜನವರಿ 25ರಿಂದ ಜಾರಿಯಲ್ಲಿದೆ. ಎಆರ್‌ಟಿ ಅಂದರೆ ಮಕ್ಕಳಾಗಲು ಲ್ಯಾಬಿನ ನೆರವಿನಿಂದ ಮಾಡುವ ಚಿಕಿತ್ಸೆ. ಅದರ ಪ್ರಕಾರ ದಾನಿಗಳನ್ನು ಪರೀಕ್ಷಿಸುವುದು, ವೀರ್ಯ ಸಂಗ್ರಹಿಸುವುದು, ಇಟ್ಟುಕೊಳ್ಳುವುದು ಎಲ್ಲವನ್ನೂ ನೋಂದಾಯಿತ ಎಆರ್‌ಟಿ ಬ್ಯಾಂಕೇ ಮಾಡಬೇಕು. ದಾನಿಗೆ 21 ತುಂಬಿರಬೇಕು, 55 ದಾಟಿರಬಾರದು. ಕಾಯ್ದೆ 55 ಅಂದರೂ ಬ್ಯಾಂಕುಗಳಿಗೆ ಬೇಕಾಗುವುದು ವಯಸ್ಸಿನ ಹುಡುಗರೇ, ನಲವತ್ತು ದಾಟಿದವರನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ.

ನನ್ನ ಪ್ರಕಾರ ಈ ಕಾಯ್ದೆಯ ಅತಿ ಮುಖ್ಯ ಸಾಲು ಯಾವುದೆಂದರೆ, ಒಬ್ಬ ದಾನಿಯ ವೀರ್ಯವನ್ನು ಬ್ಯಾಂಕು ಒಂದೇ ಒಂದು ದಂಪತಿಗೆ ಕೊಡಬೇಕು ಅನ್ನುವುದು. ಇದರಿಂದ ದಾನಿಗಳು ಸಿಗುತ್ತಿಲ್ಲ ಎಂದು ಡಾಕ್ಟರುಗಳು ದೂರುತ್ತಾರೆ, ಅದು ನಿಜ, ಕಾಯುವ ದಂಪತಿಗಳಿಗೆ ಕಷ್ಟವಾಗಿದೆ. ಆದರೂ ದಾನಿಯ ಕಡೆಯಿಂದ ನೋಡಿದರೆ ಇದು ಒಳ್ಳೆಯ ಕಟ್ಟುಪಾಡು. ನಿಮ್ಮಿಂದ ಎಷ್ಟು ಮಕ್ಕಳು ಅನ್ನುವ ಪ್ರಶ್ನೆಗೆ ಉತ್ತರ ಒಂದು ಮನೆಯ ಒಂದೋ ಎರಡೋ ಮಕ್ಕಳು, ಅಷ್ಟೇ. ಸೋದರಮಾವನಿಗೆ ಹೆಣ್ಣು ಕೊಟ್ಟು, ಅತ್ತೆಯ ಮಗಳನ್ನು ತಂದು ಮದುವೆ ಮಾಡುವ, ಒಂದೇ ಜಾತಿ ಒಂದೇ ಸೀಮೆಯಲ್ಲಿ ಸಂಬಂಧ ಹುಡುಕುವ ನಮ್ಮಂಥ ಕಡೆ, ಒಬ್ಬನಿಂದ ಇಪ್ಪತ್ತು ಮಕ್ಕಳು ಹುಟ್ಟಿ ಯಾರಿಗೆ ಯಾರು ಏನಾಗಬೇಕು ಅನ್ನುವುದೇ ಗೊತ್ತಿಲ್ಲದೆ ಮದುವೆಯ ಮಾತುಕತೆಗೆ ಕೂತರೆ ಏನು ಗತಿ, ಯೋಚಿಸಿ.

ಅಪ್ಪ ಯಾರು ಅನ್ನುವುದಕ್ಕೂ ಕಾಯ್ದೆ ನೇರವಾಗಿ ಉತ್ತರ ಕೊಡುತ್ತದೆ. ಹೀಗೆ ಹುಟ್ಟಿದ ಮಗು ಚಿಕಿತ್ಸೆ ಪಡೆದ ದಂಪತಿಯ ಸ್ವಂತ ಮಗು. ದಾನಿಗೆ ಮಗುವಿನ ಮೇಲೆ ಯಾವ ಹಕ್ಕೂ ಇಲ್ಲ. ಬ್ಯಾಂಕಿನಲ್ಲಿ ಸಹಿ ಹಾಕುವಾಗ ನೀವು ಬಿಟ್ಟುಕೊಡುತ್ತಿರುವುದು ಇದನ್ನೇ. ನಾಳೆ ನಿಮಗೆ ಮಕ್ಕಳಾಗದೆ ಹೋದರೂ, ಆ ಮಗುವನ್ನು ಒಂದು ಸಲ ದೂರದಿಂದ ನೋಡಬೇಕು ಅನಿಸಿದರೂ ದಾರಿ ಇಲ್ಲ. ಇದನ್ನು ಓದಿ "ಪರವಾಗಿಲ್ಲ" ಎಂದು ತಕ್ಷಣ ಹೇಳುವವರಿಗೆ ಒಂದು ವಾರ ಬಿಟ್ಟು ಬನ್ನಿ ಎಂದು ಹೇಳುವುದು ನನ್ನ ಅಭ್ಯಾಸ.

ಹೆಸರು ಗುಟ್ಟಾಗಿರುತ್ತದಾ? ದಂಪತಿಗೆ ನಿಮ್ಮ ಹೆಸರು ಹೇಳುವುದಿಲ್ಲ, ನಿಮಗೆ ಅವರ ಹೆಸರು ಹೇಳುವುದಿಲ್ಲ. ಆದರೆ ಬ್ಯಾಂಕು ನಿಮ್ಮ ಹೆಸರು, ವಿಳಾಸ, ಆಧಾರ್ ನಂಬರ್ ಎಲ್ಲ ಬರೆದುಕೊಳ್ಳಲೇಬೇಕು. ದಾಖಲೆಗಳನ್ನು ಕನಿಷ್ಠ 10 ವರ್ಷ ಇಟ್ಟು ಆಮೇಲೆ ರಾಷ್ಟ್ರೀಯ ರಿಜಿಸ್ಟ್ರಿಗೆ ಒಪ್ಪಿಸಬೇಕು. ಕೋರ್ಟು ಆದೇಶ ಮಾಡಿದರೆ ಮಾಹಿತಿ ಹೊರಗೆ ಬರಬಹುದು. ಗುಟ್ಟು ಇದೆ, ಕಾಗದವೂ ಇದೆ.

ಇನ್ನು ದುಡ್ಡು. ಓಡಾಟಕ್ಕೆ, ಸಮಯಕ್ಕೆ ಎಂದು ಬ್ಯಾಂಕುಗಳು ಕೊಡುವ ಮೊತ್ತದಲ್ಲಿ ಯಾರ ಸಾಲವೂ ತೀರುವುದಿಲ್ಲ. ಇಎಂಐ ಕಟ್ಟುವ ಯೋಚನೆಯಲ್ಲಿ ಬರುತ್ತಿದ್ದರೆ ಬರಬೇಡಿ.

ಅಣ್ಣನಿಗೆ, ಗೆಳೆಯನಿಗೆ ಕೊಡಬಹುದಾ

ನಮ್ಮ ಕಡೆ ಜಾಸ್ತಿ ಕೇಳುವ ಪ್ರಶ್ನೆ ಇದು. ಅಣ್ಣನ ರಿಪೋರ್ಟಿನಲ್ಲಿ ಒಂದೂ ವೀರ್ಯಾಣು ಕಾಣಲಿಲ್ಲ ಎಂದು ಗೊತ್ತಾದ ದಿನ ಸಾಯಂಕಾಲವೇ ಮನೆಯಲ್ಲಿ ಮಾತು ಶುರುವಾಗುತ್ತದೆ. "ಯಾರ್ದೋ ಯಾಕೆ, ನಮ್ ತಮ್ಮನ್ದೇ ತಗೊಳ್ಳಿ ಸರ್, ನಮ್ಮನೆ ರಕ್ತ ನಮ್ಮನೇಲೇ ಇರುತ್ತೆ" ಎಂದು ಅಣ್ಣ ಹೇಳುತ್ತಾನೆ. ಅಮ್ಮ ತಲೆಯಾಡಿಸುತ್ತಾರೆ. ತಮ್ಮ ಪಕ್ಕದಲ್ಲಿ ಫೋನ್ ನೋಡುತ್ತಾ ಕೂತಿರುತ್ತಾನೆ. ಅತ್ತಿಗೆ ಮಾತ್ರ ನೆಲ ನೋಡುತ್ತಾ ಇರುತ್ತಾಳೆ, ಅವಳನ್ನು ಯಾರೂ ಕೇಳಿರುವುದಿಲ್ಲ.

ಇದಕ್ಕೆ ಅವಕಾಶವಿಲ್ಲ. ಗಂಡ ಅಥವಾ ಹೆಂಡತಿಯ ಸಂಬಂಧಿಕರ, ಗೆಳೆಯರ ವೀರ್ಯ ಬಳಸಬಾರದು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2005ರ ಮಾರ್ಗಸೂಚಿಯಲ್ಲೇ ಹೇಳಿತ್ತು. ಹೊಸ ಕಾಯ್ದೆಯಲ್ಲಿ ದಾನಿ ಮತ್ತು ದಂಪತಿಯ ನಡುವೆ ಬ್ಯಾಂಕು ನಿಂತಿರುತ್ತದೆ. ನನಗೆ ಇದು ಸರಿ ಅನಿಸುತ್ತದೆ. ತಮ್ಮನಿಗೆ ನಾಳೆ ಮದುವೆಯಾಗುತ್ತದೆ. ಬರುವ ಹುಡುಗಿಗೆ ಹೇಳುವುದಾ ಬೇಡವಾ? ಹಬ್ಬಕ್ಕೆ ಎಲ್ಲರೂ ಸೇರಿದಾಗ ಮಗು ಚಿಕ್ಕಪ್ಪನ ಹಾಗೇ ನಗುತ್ತದೆ ಎಂದು ಯಾರೋ ಅಂದುಬಿಟ್ಟರೆ? ಆಸ್ತಿ ಪಾಲಾಗುವ ದಿನ ಜಗಳ ಹತ್ತಿದರೆ ಬಾಯಿಗೆ ಮೊದಲು ಬರುವ ಮಾತು ಯಾವುದು? ಮನೆಯವರ ಪ್ರೀತಿಯನ್ನು ನಾನು ಅನುಮಾನಿಸುತ್ತಿಲ್ಲ. ಆ ಪ್ರೀತಿಯ ಭಾರ ಎಲ್ಲ ಕೊನೆಗೆ ಮಗುವಿನ ತಲೆಯ ಮೇಲೆ ಬೀಳುತ್ತದೆ, ನನ್ನ ಸಂಕಟ ಅದು. ತಮ್ಮನಿಗೆ ನಿಜವಾಗಿ ಸಹಾಯ ಮಾಡಬೇಕೆಂದಿದ್ದರೆ, ಮನೆಯವರ ಬಾಯಿ ಮುಚ್ಚಿಸಿ ಅಣ್ಣ ಅತ್ತಿಗೆಗೆ ಯೋಚಿಸಲು ಸ್ವಲ್ಪ ಸಮಯ ಕೊಡಿಸಲಿ.

ಹಾಗಾದರೆ ಕ್ಲಿನಿಕ್ಕೇ ಬೇಡ, ಮನೆಯಲ್ಲೇ ಸಿರಿಂಜಿನಲ್ಲಿ ಮಾಡಿಕೊಳ್ಳುತ್ತೇವೆ ಅನ್ನುವವರೂ ಇದ್ದಾರೆ. ಒಂಟಿ ಹೆಣ್ಣುಮಗಳೊಬ್ಬಳು ಗೆಳೆಯನನ್ನು ಕೇಳುವುದೂ ಉಂಟು. ಅವಳು ಬ್ಯಾಂಕಿನ ಮೂಲಕ ಹೋಗಬಹುದು, ಕಾಯ್ದೆ ಒಂಟಿ ಮಹಿಳೆಗೂ ಚಿಕಿತ್ಸೆಗೆ ಅವಕಾಶ ಕೊಟ್ಟಿದೆ. ಮನೆಯಲ್ಲಿ ಮಾಡಿದರೆ ಏನಾಗುತ್ತದೆ ಗೊತ್ತಾ? ದಾನಿಗೆ ಕಾಯ್ದೆ ಕೊಡುವ ರಕ್ಷಣೆ ಪೂರ್ತಿ ಹೋಗುತ್ತದೆ, ಯಾಕೆಂದರೆ ಅದು ಇರುವುದು ಎಆರ್‌ಟಿಯಿಂದ ಹುಟ್ಟಿದ ಮಗುವಿಗೆ. ಮದುವೆಯಾಗದೆ ಹುಟ್ಟಿದ ಮಗುವಿಗೂ ಅಪ್ಪನಿಂದ ಜೀವನಾಂಶ ಕೇಳುವ ಹಕ್ಕು ನಮ್ಮ ಕಾನೂನಿನಲ್ಲಿದೆ, ಹಿಂದೆ ಅಪರಾಧ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಸೆಕ್ಷನ್ 125, ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ ಸೆಕ್ಷನ್ 144. ಇಬ್ಬರೂ ಸೇರಿ ಛಾಪಾ ಕಾಗದದಲ್ಲಿ ಏನು ಬರೆದುಕೊಂಡರೂ ಮಗುವಿನ ಹಕ್ಕನ್ನು ನೀವಿಬ್ಬರು ಬರೆದುಕೊಡಲು ಬರುವುದಿಲ್ಲ.

ಅಮೆರಿಕದ ಕಾನ್ಸಾಸ್‌ನಲ್ಲಿ ಇದೇ ಆಯಿತು. 2009ರಲ್ಲಿ ಒಬ್ಬ ಆನ್‌ಲೈನ್ ಜಾಹೀರಾತು ನೋಡಿ ಇಬ್ಬರು ಮಹಿಳೆಯರ ಜೋಡಿಗೆ ವೀರ್ಯ ಕೊಟ್ಟ. ಹಕ್ಕು ಬಿಟ್ಟುಕೊಟ್ಟಿದ್ದೇನೆ ಎಂದು ಸಹಿ ಕೂಡ ಹಾಕಿದ್ದ. ಆಮೇಲೆ ರಾಜ್ಯ ಸರ್ಕಾರವೇ ಮಗುವಿನ ಖರ್ಚು ಕೊಡು ಎಂದು ಅವನ ಮೇಲೆ ಕೇಸು ಹಾಕಿತು. ಡಾಕ್ಟರ ಮೂಲಕ ಆಗಿಲ್ಲ, ಹಾಗಾಗಿ ನೀನು ದಾನಿ ಅಲ್ಲ, ಅಪ್ಪ ಎಂದು 2014ರಲ್ಲಿ ಜಡ್ಜ್ ಹೇಳಿದರು. 2016ರಲ್ಲಿ ದುಡ್ಡು ಕೊಡಬೇಕಿಲ್ಲ ಎಂದು ತೀರ್ಪು ಬರುವ ತನಕ ಅವನು ಕೋರ್ಟು ಅಲೆದ.

ಕಾಯಿಲೆಯ ವಿಷಯವೂ ಇದೆ. ಹಸಿ ವೀರ್ಯವನ್ನು ಪರೀಕ್ಷೆ ಇಲ್ಲದೆ ಬಳಸಿದರೆ ಎಚ್‌ಐವಿ, ಹೆಪಟೈಟಿಸ್ ಆ ಹೆಣ್ಣುಮಗಳಿಗೆ ಹರಡಬಹುದು. ಮೂರು ದಾರಿಯಲ್ಲಿ ಇದೊಂದನ್ನು ಮಾತ್ರ ಮಾಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಹೊರದೇಶದಲ್ಲಿರುವ ನಮ್ಮವರು

ಇಂಗ್ಲೆಂಡಿನಲ್ಲಿ ಕೆಲಸ ಮಾಡುವ ಕನ್ನಡದ ಹುಡುಗರು ಈಚೆಗೆ ಇದರ ಬಗ್ಗೆ ಕೇಳುತ್ತಾರೆ. ಅಲ್ಲಿ ದಕ್ಷಿಣ ಏಷ್ಯಾ ಮೂಲದ ದಾನಿಗಳು ತುಂಬಾ ಕಡಿಮೆ. ನಮ್ಮ ಬಣ್ಣ, ನಮ್ಮ ಮೂಲದ ದಾನಿ ಬೇಕು ಎನ್ನುವ ದಂಪತಿಗಳು ಕಾಯುತ್ತಲೇ ಇರುತ್ತಾರೆ. ಹಾಗಾಗಿ ನೀವು ಅಲ್ಲಿ ಕೊಟ್ಟರೆ ನಿಜವಾಗಿ ಉಪಯೋಗವಿದೆ. ಆದರೆ ಆಟದ ನಿಯಮವೇ ಬೇರೆ.

2005ರ ಏಪ್ರಿಲ್ 1ರಿಂದ ಅಲ್ಲಿ ಹೆಸರು ಮುಚ್ಚಿಟ್ಟು ದಾನ ಮಾಡುವ ಹಾಗಿಲ್ಲ. ಮಗುವಿಗೆ 16 ಆದಾಗ ನಿಮ್ಮ ಎತ್ತರ, ಮೂಲ, ವೃತ್ತಿ, ಆಸಕ್ತಿ ಇಂಥ ವಿವರ ಕೇಳಬಹುದು. 18 ತುಂಬಿದ ಮೇಲೆ ನಿಮ್ಮ ಹೆಸರು, ಹುಟ್ಟಿದ ದಿನ, ಕೊನೆಗೆ ಗೊತ್ತಿದ್ದ ವಿಳಾಸ ಪಡೆಯಬಹುದು. ಹತ್ತು ಕುಟುಂಬಗಳ ತನಕ ನಿಮ್ಮ ವೀರ್ಯ ಕೊಡಬಹುದು. ಒಂದು ಮನೆಯಲ್ಲಿ ಇಬ್ಬರು ಎಂದಿಟ್ಟುಕೊಂಡರೂ ಇಪ್ಪತ್ತು ಮಕ್ಕಳು. ನಲವತ್ತೈದರ ವಯಸ್ಸಿನಲ್ಲಿ, ನಿಮ್ಮ ಸ್ವಂತ ಮಗಳು ಹತ್ತನೇ ಕ್ಲಾಸಿನಲ್ಲಿ ಇರುವಾಗ, ಒಂದು ಇಮೇಲ್ ಬಂದರೆ ತಡೆದುಕೊಳ್ಳುತ್ತೀರಾ? ಬಾಗಿಲು ತೆರೆಯುತ್ತೇನೆ ಅನ್ನುವವರು ಮಾತ್ರ ಹೋಗಿ.

ಇದರಲ್ಲಿ ದಾನಿಗೆ ಒಳ್ಳೆಯದೂ ಇದೆ, ಇಲ್ಲಿ ಸಿಗದ ಅವಕಾಶಗಳು. ಹತ್ತರ ಬದಲು ಮೂರೇ ಕುಟುಂಬ, ಎರಡೇ ಕುಟುಂಬ ಎಂದು ನೀವೇ ಒಪ್ಪಿಗೆ ಪತ್ರದಲ್ಲಿ ಮಿತಿ ಹಾಕಬಹುದು. ನಿಮ್ಮ ವೀರ್ಯದಿಂದ ಎಷ್ಟು ಮಕ್ಕಳು ಹುಟ್ಟಿದ್ದಾರೆ, ಗಂಡೋ ಹೆಣ್ಣೋ, ಯಾವ ವರ್ಷ ಹುಟ್ಟಿದ್ದು ಎಂದು ಕೇಳಿ ತಿಳಿದುಕೊಳ್ಳಬಹುದು. ಮಗುವಿಗೆಂದು ಒಂದು ಪತ್ರವನ್ನೂ ಬರೆದಿಡಬಹುದು. ಲೈಸೆನ್ಸ್ ಇರುವ ಕ್ಲಿನಿಕ್ಕಿನ ಮೂಲಕ ಹೋದರೆ ಕಾನೂನಿನ ಪ್ರಕಾರ ನೀವು ಅಪ್ಪ ಅಲ್ಲ, ಖರ್ಚಿನ ಹೊಣೆ ಇಲ್ಲ. 2024ರ ಅಕ್ಟೋಬರ್‌ನಿಂದ ಒಂದು ಭೇಟಿಗೆ 45 ಪೌಂಡ್ ಕೊಡುತ್ತಾರೆ. ಒಂದು ವಿಷಯ ನೆನಪಿರಲಿ, ಹತ್ತು ಕುಟುಂಬದ ಮಿತಿ ಆ ದೇಶದ ಒಳಗೆ ಮಾತ್ರ. ಬೇರೆ ದೇಶಕ್ಕೆ ಕಳಿಸುತ್ತೀರಾ ಎಂದು ಕ್ಲಿನಿಕ್ಕಿನಲ್ಲಿ ಬಾಯಿಬಿಟ್ಟು ಕೇಳಿ.

ಯಾಕೆ ಕೇಳಬೇಕೆಂದರೆ, ಗಡಿ ದಾಟಿದ ಮೇಲೆ ಲೆಕ್ಕ ತಪ್ಪುತ್ತದೆ. ಡೆನ್ಮಾರ್ಕಿನ ಒಂದು ಬ್ಯಾಂಕಿಗೆ ಕೊಟ್ಟ ದಾನಿಯೊಬ್ಬನ ವೀರ್ಯದಲ್ಲಿ ಟಿಪಿ53 ಅನ್ನುವ ಜೀನಿನ ದೋಷ ಇತ್ತು. ಅದು ಬಂದ ಮಕ್ಕಳಿಗೆ ಚಿಕ್ಕ ವಯಸ್ಸಿನಲ್ಲೇ ಕ್ಯಾನ್ಸರ್ ಬರುವ ಅಪಾಯ ತುಂಬಾ ಜಾಸ್ತಿ. ದಾನಿ ಆರೋಗ್ಯವಾಗಿದ್ದ, ಮಾಮೂಲಿ ಪರೀಕ್ಷೆಯಲ್ಲಿ ಅದು ಸಿಗುವಂಥದ್ದೂ ಅಲ್ಲ, ಅವನ ತಪ್ಪು ಏನೂ ಇಲ್ಲ. ಆದರೆ ಆ ವೀರ್ಯ ಯೂರೋಪಿನ ಹಲವು ದೇಶಗಳಿಗೆ ಹೋಗಿ ಕನಿಷ್ಠ 197 ಮಕ್ಕಳು ಹುಟ್ಟಿದ್ದಾರೆ ಎಂದು 2025ರ ಡಿಸೆಂಬರ್‌ನಲ್ಲಿ ಗೊತ್ತಾಯಿತು. ಕೆಲವು ಮಕ್ಕಳು ತೀರಿಕೊಂಡಿದ್ದಾರೆ. ಒಂದೇ ಮನೆಗೆ ಕೊಟ್ಟಿದ್ದರೆ ಒಂದು ಮನೆಯ ದುಃಖವಾಗಿರುತ್ತಿತ್ತು. ಸಂಖ್ಯೆಯ ಪ್ರಶ್ನೆಯನ್ನು ನಾನು ಮೊದಲು ಇಟ್ಟಿದ್ದು ಇದಕ್ಕೇ.

ಅಮೆರಿಕದಲ್ಲಿ ಒಬ್ಬ ದಾನಿಯಿಂದ ಎಷ್ಟು ಮಕ್ಕಳು ಅನ್ನುವುದಕ್ಕೆ ದೇಶಕ್ಕೆಲ್ಲ ಒಂದೇ ಕಾನೂನಿಲ್ಲ, ವೈದ್ಯರ ಸಂಘದ ಸಲಹೆ ಮಾತ್ರ ಇದೆ. ಹೆಸರಿನ ವಿಷಯದಲ್ಲೂ ರಾಜ್ಯಕ್ಕೊಂದು ನಿಯಮ, ಕೊಲರಾಡೊದಲ್ಲಿ 2025ರ ಜನವರಿ 1ರಿಂದ ಗುಟ್ಟಿನ ದಾನ ಇಲ್ಲ. ಕೈಗೆ ಬರುವ ದುಡ್ಡು ಅಲ್ಲಿ ಜಾಸ್ತಿ. ನಿಯಮ ಸಡಿಲ ಇರುವ ಕಡೆ ಬ್ಯಾಂಕಿನ ಜೊತೆಗಿನ ಒಪ್ಪಂದದಲ್ಲಿ ಏನು ಬರೆದಿದೆಯೋ ಅದೇ ನಿಮಗೆ ಕಾನೂನು, ಹಾಗಾಗಿ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ.

ಗುಟ್ಟು ಎಷ್ಟು ದಿನ ಗುಟ್ಟು

ಬ್ಯಾಂಕು ಬಾಯಿಬಿಡದೇ ಇರಬಹುದು. ಡಿಎನ್‌ಎ ಸುಮ್ಮನಿರುವುದಿಲ್ಲ. ನೀವು ಯಾವ ಪರೀಕ್ಷೆಯನ್ನೂ ಮಾಡಿಸದೇ ಇದ್ದರೂ, ನ್ಯೂಜೆರ್ಸಿಯಲ್ಲಿರುವ ನಿಮ್ಮ ಚಿಕ್ಕಪ್ಪನ ಮಗ ಸುಮ್ನೆ ಕುತೂಹಲಕ್ಕೆ ಡಿಎನ್‌ಎ ಪರೀಕ್ಷೆಯ ಒಂದು ಕಿಟ್‌ನಲ್ಲಿ ಉಗುಳಿ ಕಳಿಸಿದರೆ, ಆ ಮಗುವೂ ಮುಂದೆ ಅದೇ ಕಂಪನಿಗೆ ಕಳಿಸಿದರೆ, ಇಬ್ಬರೂ ಹತ್ತಿರದ ಸಂಬಂಧಿಕರು ಎಂದು ಪರದೆಯ ಮೇಲೆ ಬರುತ್ತದೆ. ಅಲ್ಲಿಂದ ನಿಮ್ಮ ಮನೆಗೆ ಬರುವುದು ಕಷ್ಟವಲ್ಲ. ಕಾನೂನೂ ಬದಲಾಗುತ್ತದೆ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಹೆಸರು ಹೇಳುವುದಿಲ್ಲ ಎಂದು ಮಾತು ಕೊಟ್ಟು ಪಡೆದಿದ್ದ ಹಳೆಯ ದಾನಗಳ ದಾಖಲೆಯನ್ನೂ 2017ರಲ್ಲಿ ಮಕ್ಕಳಿಗೆ ತೆರೆದುಕೊಟ್ಟರು.

ಹಾಗಾಗಿ ಹೆಂಡತಿಗೆ ಹೇಳಿ. ಮದುವೆಯಾಗಿಲ್ಲವಾ, ಆಗುವ ಹುಡುಗಿಗೆ ಹೇಳುವ ಧೈರ್ಯ ಇದೆಯಾ ಎಂದು ಈಗಲೇ ನೋಡಿಕೊಳ್ಳಿ. ಅಷ್ಟು ಧೈರ್ಯ ಇಲ್ಲ ಅನಿಸಿದರೆ ದಾನ ಮಾಡದೇ ಇರುವುದೇ ವಾಸಿ, ಅದರಲ್ಲಿ ಅವಮಾನವೇನಿಲ್ಲ.

ಲ್ಯಾಬಿನ ಒಳಗೆ ಏನು ನಡೆಯುತ್ತದೆ

ಇದು ಯಾವ ದೇಶದಲ್ಲಾದರೂ ಹೆಚ್ಚು ಕಡಿಮೆ ಒಂದೇ. ಎರಡರಿಂದ ಐದು ದಿನ ವೀರ್ಯ ಹೊರಹೋಗದ ಹಾಗೆ ಇದ್ದು ಬರಬೇಕು. ಒಂದು ರೂಮು, ಒಂದು ಡಬ್ಬಿ. ಡಬ್ಬಿ ನನ್ನ ಮೇಜಿಗೆ ಬಂದಾಗ ಒಳಗಿರುವುದು ಗಂಜಿಯ ಹಾಗೆ ಗಟ್ಟಿಯಾಗಿರುತ್ತದೆ. ಅರ್ಧ ಗಂಟೆ ಬೆಚ್ಚಗೆ ಇಟ್ಟರೆ ತಾನೇ ನೀರಾಗುತ್ತದೆ. ಆಮೇಲೆ ಒಂದು ಹನಿ ಗಾಜಿನ ಮೇಲೆ, ಮೈಕ್ರೋಸ್ಕೋಪಿನ ಕೆಳಗೆ. ಎಷ್ಟಿವೆ, ಎಷ್ಟು ಈಜುತ್ತಿವೆ, ಎಷ್ಟು ನಿಂತಲ್ಲೇ ಅಲ್ಲಾಡುತ್ತಿವೆ ಎಂದು ಎಣಿಸುತ್ತೇವೆ. ಉಳಿದದ್ದನ್ನು ಔಷಧ ಬೆರೆಸಿ ಸಣ್ಣ ಸೀಸೆಗಳಿಗೆ ತುಂಬಿ ದ್ರವ ನೈಟ್ರೋಜನ್‌ನಲ್ಲಿ, ಮೈನಸ್ 196 ಡಿಗ್ರಿಯಲ್ಲಿ ಇಡುತ್ತೇವೆ.

ಹೆಪ್ಪುಗಟ್ಟಿಸಿ ಕರಗಿಸುವಾಗ ಈಜುವ ವೀರ್ಯಾಣುಗಳಲ್ಲಿ ಅರ್ಧದಷ್ಟು ಸಾಯುತ್ತವೆ. ಅದಕ್ಕೇ ಬ್ಯಾಂಕಿಗೆ ಮಾಮೂಲಿಗಿಂತ ಒಳ್ಳೆಯ ಸ್ಯಾಂಪಲ್ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಕೆಳಗಿನ ಮಿತಿ ಒಂದು ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಚಲನೆ ಶೇಕಡ 42. ಅಷ್ಟು ಇದ್ದವರಿಗೆ ಮನೆಯಲ್ಲಿ ಆರಾಮಾಗಿ ಮಕ್ಕಳಾಗಬಹುದು, ಆದರೆ ಬ್ಯಾಂಕಿಗೆ ಅದು ಸಾಲದು. ಇಬ್ಬರು ಮಕ್ಕಳ ಅಪ್ಪಂದಿರನ್ನೂ ಬೇಡ ಎಂದು ಕಳಿಸುತ್ತೇವೆ. ನಿಮ್ಮನ್ನು ಬೇಡ ಅಂದರೆ ನಿಮ್ಮಲ್ಲಿ ದೋಷ ಇದೆ ಎಂದು ತಿಳಿದು ಕೊರಗಬೇಡಿ. ನಿಜವಾಗಿ ತೊಂದರೆ ಸಿಕ್ಕಿದರೆ ಡಾಕ್ಟರೇ ಹೇಳುತ್ತಾರೆ, ಆ ಸುದ್ದಿ ಕೇಳುವುದಕ್ಕೂ ತಯಾರಾಗಿ ಬನ್ನಿ.

ಜಿಮ್‌ಗೆ ಹೋಗುವವರಿಗೆ ಒಂದು ಮಾತು. ಮೈ ಬೆಳೆಸಲು ತೆಗೆದುಕೊಳ್ಳುವ ಟೆಸ್ಟೋಸ್ಟಿರಾನ್ ಇಂಜೆಕ್ಷನ್ನು, ಸ್ಟೀರಾಯ್ಡು ವೀರ್ಯ ಹುಟ್ಟುವುದನ್ನೇ ನಿಲ್ಲಿಸಿಬಿಡುತ್ತವೆ. ಹೊರಗಿನಿಂದ ಹಾರ್ಮೋನ್ ಬಂದರೆ ಮೆದುಳು ವೃಷಣಕ್ಕೆ ಕೆಲಸ ಹೇಳುವುದನ್ನು ಬಿಡುತ್ತದೆ. ಕಟ್ಟುಮಸ್ತಾದ ಹುಡುಗ, ಸ್ಯಾಂಪಲ್‌ನಲ್ಲಿ ಸೊನ್ನೆ, ಇದು ನಾವು ನೋಡುವ ದೃಶ್ಯ. ಬಿಟ್ಟ ಮೇಲೆ ಸರಿಹೋಗಲು ತಿಂಗಳುಗಟ್ಟಲೆ ಬೇಕು, ಕೆಲವರಿಗೆ ವರ್ಷ ದಾಟುತ್ತದೆ. ಜೋರು ಜ್ವರ ಬಂದಿದ್ದರೂ ಕೌಂಟ್ ಬೀಳುತ್ತದೆ. ಒಂದು ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಹಿಡಿಯುವುದರಿಂದ ಮೂರು ತಿಂಗಳು ಬಿಟ್ಟು ಬಂದರೆ ಒಳ್ಳೆಯದು.

ರಕ್ತದಲ್ಲಿ ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್ ನೋಡುತ್ತಾರೆ. ಆರು ತಿಂಗಳು ಸ್ಯಾಂಪಲ್ ಕಾಯಿಸಿ ಮತ್ತೆ ರಕ್ತ ತೆಗೆಯುವುದು ಪದ್ಧತಿ, ಯಾಕೆಂದರೆ ಹೊಸದಾಗಿ ತಗುಲಿದ ಸೋಂಕು ಮೊದಲ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳಬಹುದು. ಆ ಎರಡನೇ ಪರೀಕ್ಷೆಗೆ ನೀವು ಬರದಿದ್ದರೆ ಅಷ್ಟೂ ವ್ಯರ್ಥ. ಕೆಲಸ ಬದಲಾಯಿಸಿ ಪುಣೆಗೋ ಗಲ್ಫಿಗೋ ಹೋಗುವವರು ಮೊದಲೇ ಹೇಳಿಬಿಡಿ.

ತಲಸ್ಸೇಮಿಯಾ ಎಂಬ ವಂಶದಲ್ಲಿ ಬರುವ ರಕ್ತದ ಕಾಯಿಲೆಯ ಕ್ಯಾರಿಯರ್, ಅಂದರೆ ಕಾಯಿಲೆ ಇಲ್ಲದೆ ಅದರ ಜೀನನ್ನು ಹೊತ್ತವರು, ಹೌದಾ ಅಲ್ಲವಾ ಎಂದು ನೋಡಿಸಿಕೊಳ್ಳಿ. ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಬುಡಕಟ್ಟು ಕುಟುಂಬಗಳವರು ಸಿಕಲ್ ಸೆಲ್ ಎಂಬ ಇಂಥದ್ದೇ ರಕ್ತದ ಕಾಯಿಲೆಯನ್ನೂ ನೋಡಿಸಿ. ನಿಮಗೆ ಏನೂ ಆಗದೇ ಇರಬಹುದು, ಮಗುವಿಗೆ ಇಬ್ಬರ ಕಡೆಯಿಂದಲೂ ಬಂದರೆ ಕಷ್ಟ.

ಮನೆತನದ ಕಾಯಿಲೆಗಳ ಫಾರಂ ಒಂದು ಕೊಡುತ್ತಾರೆ. ಹುಡುಗರು ಅದನ್ನು ಎರಡು ನಿಮಿಷದಲ್ಲಿ ಮುಗಿಸುತ್ತಾರೆ, ಮೇಲಿಂದ ಕೆಳಗೆ ಇಲ್ಲ, ಇಲ್ಲ, ಇಲ್ಲ. ಅಮ್ಮನಿಗೆ ಒಂದು ಫೋನ್ ಮಾಡಿ ಕೇಳಿ ಬನ್ನಿ ಎಂದು ವಾಪಸ್ ಕೊಟ್ಟರೆ ಕಥೆಯೇ ಬೇರೆ. ದೊಡ್ಡಪ್ಪನಿಗೆ ನಲವತ್ತಕ್ಕೇ ಹಾರ್ಟ್ ಅಟ್ಯಾಕ್, ಸೋದರತ್ತೆಗೆ ಸ್ತನದ ಕ್ಯಾನ್ಸರ್, ಅಜ್ಜಿಯ ತಂಗಿ ಮಾನಸಿಕ ಕಾಯಿಲೆಯಿಂದ ನರಳಿದ್ದು ಮನೆಯಲ್ಲಿ ಯಾರೂ ಬಾಯಿಬಿಡದ ವಿಷಯ. ಬ್ಯಾಂಕು ಬೇಡ ಅನ್ನಬಹುದು ಎಂದು ಮುಚ್ಚಿಡಬೇಡಿ. ಆ ಮಗು ಮೂವತ್ತು ವರ್ಷ ಆದ ಮೇಲೆ ಡಾಕ್ಟರ ಮುಂದೆ ಕೂತು "ನಿಮ್ಮ ತಂದೆಯ ಕಡೆ ಯಾರಿಗಾದರೂ ಹೀಗಿತ್ತಾ" ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಲ್ಲ, ನೀವು ಅದಕ್ಕೆ ಕೊಟ್ಟು ಹೋಗುವ ಮಾತು ಈ ಫಾರಂನಲ್ಲಿ ಬರೆದದ್ದು ಒಂದೇ.

ಯಾವುದು ಯಾರಿಗೆ

ಕೊಟ್ಟು, ಮರೆತು, ನನ್ನ ಪಾಡಿಗೆ ನಾನು ಇರುತ್ತೇನೆ, ಆದರೂ ಎಂದಾದರೂ ಹೊರಬಂದರೆ ಎದುರಿಸುತ್ತೇನೆ ಅನ್ನುವವರಿಗೆ ಇಲ್ಲಿನ ನೋಂದಾಯಿತ ಬ್ಯಾಂಕು. ಒಂದು ಮನೆಗೆ ಮಾತ್ರ ಅನ್ನುವ ನಿಯಮಕ್ಕಾಗಿಯೇ ನಾನು ಇದನ್ನು ಮೊದಲು ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ನೆಲೆ ನಿಂತವರು, ಮಗು ಬಂದರೆ ಕೂತು ಕಾಫಿ ಕುಡಿದು ಮಾತಾಡುವ ಮನಸ್ಸಿರುವವರು ಅಲ್ಲಿನ ಕ್ಲಿನಿಕ್ಕಿಗೆ ಹೋಗಿ, ಕುಟುಂಬಗಳ ಮಿತಿಯನ್ನು ಚಿಕ್ಕದಾಗಿ ಬರೆಸಿ. ಮಗುವಿನ ಕಡೆಯಿಂದ ನೋಡಿದರೆ ಆ ದಾರಿ ಇಲ್ಲಿಯದಕ್ಕಿಂತ ನ್ಯಾಯವಾದದ್ದು ಎಂದೇ ನನ್ನ ಅನಿಸಿಕೆ, ತನ್ನ ಮೂಲ ಕೇಳುವ ಹಕ್ಕು ಅದಕ್ಕೆ ಅಲ್ಲಿ ಇದೆ.

ಬ್ಯಾಂಕು ನೋಂದಣಿ ಆಗಿದೆಯಾ ಎಂದು ರಾಷ್ಟ್ರೀಯ ಎಆರ್‌ಟಿ ಮತ್ತು ಸರೊಗಸಿ ರಿಜಿಸ್ಟ್ರಿಯ ಪಟ್ಟಿಯಲ್ಲಿ ನೋಡಿಯೇ ಹೋಗಿ. ಸಹಿ ಹಾಕಿದ ಪ್ರತಿ ಕಾಗದದ ಒಂದೊಂದು ಪ್ರತಿ ಕೇಳಿ ತೆಗೆದುಕೊಳ್ಳಿ, ಕನ್ನಡದಲ್ಲಿ ಓದಿ ಹೇಳಿ ಎಂದರೆ ಹೇಳಬೇಕು. ವರ್ಷಗಳಾದ ಮೇಲೆ ನಿಮಗೆ ಅಥವಾ ನಿಮ್ಮ ಒಡಹುಟ್ಟಿದವರಿಗೆ ವಂಶದಲ್ಲಿ ಬರುವಂಥ ಕಾಯಿಲೆ ಕಾಣಿಸಿಕೊಂಡರೆ, ಆ ಪ್ರತಿ ಹಿಡಿದುಕೊಂಡು ಬ್ಯಾಂಕಿಗೆ ಹೋಗಿ ತಿಳಿಸಿ, ಲಿಖಿತವಾಗಿ ಕೊಟ್ಟು ರಸೀದಿ ಪಡೆಯಿರಿ.